ಮುಂದಿನ ಕೋಣೆಯಲ್ಲಿ ಐದು ವಯಲ್

ಅವತ್ತು ಶ್ರುತಿ ಮಾಡಿಕೊಳ್ಳುವುದಕ್ಕೇ ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. ನುಡಿಸುವವರು ಮಧ್ಯಾಹ್ನವೇ ಬಂದು ಒಂದು ಸಲ ಎಲ್ಲ ಸರಿ ಮಾಡಿಕೊಂಡಿದ್ದರಂತೆ. ಆಮೇಲೆ ನಾವು ಒಬ್ಬೊಬ್ಬರಾಗಿ ಬಂದೆವು. ಫೆಬ್ರವರಿಯ ಚಳಿ, ಒದ್ದೆ ಕೋಟು, ಒದ್ದೆ ಛತ್ರಿ. ಇಪ್ಪತ್ತು ಜನ ಒಂದು ಕೋಣೆಯಲ್ಲಿ ಕೂತು ಉಸಿರಾಡಿದರೆ ಅಲ್ಲಿನ ಗಾಳಿಯೇ ಬೇರೆಯಾಗುತ್ತದೆ, ಅಲ್ವಾ? ಕುರಿಯ ಕರುಳಿನಿಂದ ಮಾಡಿದ ತಂತಿಗೆ ಅದು ತಕ್ಷಣ ಗೊತ್ತಾಗುತ್ತದೆ. ವಯಲ್ ಎಂಬ, ಕಮಾನಿನಲ್ಲಿ ನುಡಿಸುವ ಯುರೋಪಿನ ಹಳೆಯ ವಾದ್ಯ. ಅಂಥವು ಐದು, ಒಂದೊಂದಕ್ಕೆ ಆರು ತಂತಿ. ಒಟ್ಟು ಮೂವತ್ತು ತಂತಿಗಳನ್ನು ಮತ್ತೆ ಮೊದಲಿನಿಂದ ಕೂಡಿಸಬೇಕಾಯಿತು.

ಯಾರೂ ಅವಸರ ಮಾಡಲಿಲ್ಲ. ಒಬ್ಬರು ಬಿರಡೆ ತಿರುಗಿಸುತ್ತಿದ್ದರೆ ಉಳಿದ ನಾಲ್ವರು ಕಮಾನು ತೊಡೆಯ ಮೇಲಿಟ್ಟು ಕಾಯುತ್ತಿದ್ದರು. ನಾವೂ ಕಾಯುತ್ತಿದ್ದೆವು. ನನಗೆ ಮೈಸೂರಿನ ನಮ್ಮ ಅತ್ತೆ ನೆನಪಾದರು. ಹಾಡೋಕೆ ಕೂರುವ ಮೊದಲು ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಆ ಸಣ್ಣ ದಾರವನ್ನು ಕೂದಲೆಳೆಯಷ್ಟು ಆಚೆಗೆ ಈಚೆಗೆ ಜರುಗಿಸುತ್ತಾ ಇರುತ್ತಿದ್ದರು. ತಂತಿ ಝೇಂಕರಿಸಲು ಶುರುವಾದ ಕೂಡಲೇ ಅವರ ಭುಜ ಸಡಿಲವಾಗುತ್ತಿತ್ತು. ಇಲ್ಲಿ ಈ ಐದು ಜನರ ಭುಜವೂ ಹಾಗೇ ಒಂದು ಕ್ಷಣದಲ್ಲಿ ಇಳಿಯಿತು. ಆಗ ನುಡಿಸಲು ಶುರು ಮಾಡಿದರು.

ಇದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಮಿಲ್ ರೋಡಿಗೆ ಸೇರುವ ಒಂದು ಸಣ್ಣ ಬೀದಿಯ ಮನೆ. ಸಾಲಾಗಿ ಗೋಡೆಗೆ ಗೋಡೆ ಅಂಟಿಕೊಂಡ ಹಳೆಯ ಇಟ್ಟಿಗೆ ಮನೆಗಳು. ಮಿಲ್ ರೋಡಿನಲ್ಲಿ ನಮ್ಮ ತೊಗರಿಬೇಳೆ, ಕರಿಬೇವು ಸಿಗುತ್ತವೆ. ಅದಕ್ಕೇ ವಾರಕ್ಕೊಮ್ಮೆ ಆ ಕಡೆ ಹೋಗುತ್ತೇನೆ. ಆ ಮನೆಯ ಯಜಮಾನಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾನು ಮನಸ್ಸಿನಲ್ಲೇ ಅವರನ್ನು ಟೀಚರಮ್ಮ ಅಂತ ಕರೆಯುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ. ಬಸ್‌ನಲ್ಲಿ ಅವರ ಪಕ್ಕ ಒಂದು ದೊಡ್ಡ ವಾದ್ಯದ ಪೆಟ್ಟಿಗೆ ನೋಡಿ, "ಇದು ಚೆಲ್ಲೋನಾ?" ಅಂತ ಕೇಳಿದ್ದೆ. ಅಲ್ಲಿಂದ ಶುರುವಾದ ಪರಿಚಯ. ನಾನು ಚಿಕ್ಕವಳಾಗಿದ್ದಾಗ ಆರು ವರ್ಷ ಪಿಟೀಲು ಕಲಿತದ್ದು, ಅತ್ತೆಯ ಹಿಂದೆ ಕೂತು ತಂಬೂರಿ ಮೀಟಿದ್ದು, ಎಲ್ಲ ಅವರಿಗೆ ಹೇಳಿದ್ದೆ. ಚಳಿಗಾಲದಲ್ಲಿ ಒಂದೆರಡು ಸಲ ಅವರ ಮನೆಯಲ್ಲಿ ಕಚೇರಿ ಇರುತ್ತದೆ. ಟಿಕೆಟ್ ಇಲ್ಲ. ಬಾಗಿಲ ಹತ್ತಿರ ಒಂದು ಬೆತ್ತದ ಬುಟ್ಟಿ ಇರುತ್ತದೆ, ಹಾಕುವವರು ಹಾಕಬಹುದು.

ಮುಂದಿನ ಕೋಣೆಗೂ ಊಟದ ಕೋಣೆಗೂ ನಡುವೆ ಇದ್ದ ಗೋಡೆಯನ್ನು ಹಿಂದೆ ಯಾವಾಗಲೋ ತೆಗೆಸಿದ್ದಾರೆ. ಹದಿನೆಂಟು ಕುರ್ಚಿ ಹಿಡಿಸುತ್ತವೆ. ತಡವಾಗಿ ಬಂದವರಿಗೆ ಮೆಟ್ಟಿಲು. ನಾನು ಕಿಟಕಿ ಪಕ್ಕ ಕೂತೆ. ಟೆನರ್, ಎಂದರೆ ನಡುಗಾತ್ರದ ವಯಲ್, ನುಡಿಸುವ ಹುಡುಗನಿಗೂ ನನಗೂ ನಡುವೆ ಎರಡು ಅಡಿ ಇತ್ತೋ ಏನೋ.

ಈ ವಾದ್ಯದ ಬಗ್ಗೆ ಸ್ವಲ್ಪ ಹೇಳಲೇಬೇಕು. ವಯಲ್ ಎಂದರೆ ಪಿಟೀಲಿನ ಅಜ್ಜಿ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಎರಡೂ ಬೇರೆ ಬೇರೆ ಮನೆತನ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬೆಳೆದವು. ವಯಲ್‌ನ ಬೇರು 15ನೇ ಶತಮಾನದ ಕೊನೆಯ ಸ್ಪೇನಿನಲ್ಲಿದೆ. ಅಲ್ಲಿಂದ ಇಟಲಿಗೆ ಹೋಯಿತು. ಸುಮಾರು 1540ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಇಟಲಿಯಿಂದ ವಾದಕರ ಒಂದು ತಂಡವನ್ನೇ ಕರೆಸಿಕೊಂಡ. ಇಟಲಿಯಲ್ಲಿ ಇದಕ್ಕೆ ವಯೋಲಾ ದ ಗಾಂಬಾ ಅಂತ ಹೆಸರು. ಗಾಂಬಾ ಎಂದರೆ ಕಾಲು. ಎಷ್ಟೇ ಚಿಕ್ಕದಿರಲಿ, ಇದನ್ನು ಭುಜಕ್ಕೆ ಒತ್ತಿ ಹಿಡಿಯುವುದಿಲ್ಲ. ಚಿಕ್ಕದನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ, ದೊಡ್ಡದನ್ನು ಕಾಲುಗಳ ನಡುವೆ ಇಟ್ಟುಕೊಳ್ಳುತ್ತಾರೆ. ಕೆಳಗೆ ನೆಲಕ್ಕೆ ಊರುವ ಕಡ್ಡಿ ಇಲ್ಲ. ಮೀನಖಂಡಗಳ ಮೇಲೇ ಅದರ ಭಾರ. ಮಗುವನ್ನು ಕೂರಿಸಿಕೊಂಡ ಹಾಗೆ ಕಾಣುತ್ತದೆ.

ಭುಜ ಇಳಿಜಾರು, ಬೆನ್ನು ಚಪ್ಪಟೆ, ಮರ ತೆಳುವು. ದಂಡಿಯ ಮೇಲೆ ಏಳು ಮೆಟ್ಟಿಲು. ಅವೂ ಕರುಳಿನ ದಾರವೇ, ದಂಡಿಗೆ ಸುತ್ತಿ ಗಂಟು ಹಾಕಿರುತ್ತಾರೆ. ನಮ್ಮ ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ, ಅಲುಗಾಡುವುದಿಲ್ಲ. ಇದು ಸಿತಾರಿನ ಹಾಗೆ, ಬೇಕಾದರೆ ಜರುಗಿಸಬಹುದು. ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಟೆನರ್ ಹುಡುಗ ಉಗುರಿನಿಂದ ಒಂದು ಮೆಟ್ಟಿಲನ್ನು ಎಳ್ಳಿನಷ್ಟು ಮೇಲಕ್ಕೆ ತಳ್ಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಒಂದು ಸ್ವರ ಹಸನಾಗಲಿ ಅಂತ ಅಷ್ಟು ಕಾಳಜಿ.

ಕಮಾನು ಹಿಡಿಯುವ ರೀತಿ ಇನ್ನೂ ವಿಚಿತ್ರ. ಅಂಗೈ ಮೇಲೆ. ಏನನ್ನೋ ಬೇಡಿ ಪಡೆಯುವ ಕೈಯ ಹಾಗೆ. ಬೆರಳು ನೇರವಾಗಿ ಕುದುರೆಬಾಲದ ಕೂದಲನ್ನು ಮುಟ್ಟಿರುತ್ತದೆ, ಬಿಗಿ ಎಷ್ಟು ಬೇಕು ಎನ್ನುವುದು ಆ ಬೆರಳಿನ ಕೈಯಲ್ಲೇ ಇರುತ್ತದೆ. ಪಿಟೀಲಿನಲ್ಲಿ ಎಳೆಯುವ ಕಮಾನಿಗೆ ಜೋರು. ಇಲ್ಲಿ ತಳ್ಳುವ ಕಮಾನಿಗೆ ಜೋರು. ನಾನು ಕಲಿತದ್ದಕ್ಕೆ ಪೂರ್ತಿ ತಿರುಗುಮುರುಗು.

ದನಿ ಹೇಗಿದೆ? ದೊಡ್ಡದಲ್ಲ. ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ, ಒಣಹುಲ್ಲು ಮುರಿದ ಹಾಗೆ ಶುರುವಾಗಿ ಆಮೇಲೆ ಜೇನಿನಂತೆ ಹರಿಯುತ್ತದೆ. ಸ್ವರವನ್ನು ಅಲುಗಿಸುವುದು ಅಪರೂಪ. ಅದನ್ನು ಒಡವೆಯ ಹಾಗೆ ಎಲ್ಲೋ ಒಂದು ಕಡೆ ಇಡುತ್ತಾರೆ. ಉಳಿದಂತೆ ನೇರ ಸ್ವರ. ಗಮಕದಲ್ಲೇ ಬೆಳೆದ ನನ್ನ ಕಿವಿಗೆ ಮೊದಮೊದಲು ಇದು ಬೋಳು ಅನ್ನಿಸಿತ್ತು. ಎರಡು ಅಡಿ ದೂರದಲ್ಲಿ ಕೂತು ಕೇಳಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಕಮಾನಿನ ಕೂದಲು ತಂತಿಯನ್ನು ಕಚ್ಚುವ ಸದ್ದು, ನುಡಿಸುವವರ ಉಸಿರು, ಬೆರಳು ಮೆಟ್ಟಿಲಿನಿಂದ ಏಳುವ ಸಣ್ಣ ಸದ್ದು. ಸ್ವರದ ಒಳಗೆ ಎಷ್ಟೊಂದು ನಡೆಯುತ್ತಿರುತ್ತದೆ! ಇದನ್ನು ದೊಡ್ಡ ಸಭಾಂಗಣದ ಇಪ್ಪತ್ತನೇ ಸಾಲಿನಿಂದ ಕೇಳಿದರೆ ಅರ್ಧವೂ ತಲುಪುವುದಿಲ್ಲ.

ಅದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ಇದು ಬೆಳೆದದ್ದೇ ಮನೆಯ ಕೋಣೆಯಲ್ಲಿ. ಅನುಕೂಲಸ್ಥರ ಮನೆಯಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ಸಾಮಾನ್ಯವಾಗಿ ಆರು ವಯಲ್: ಚಿಕ್ಕವು ಎರಡು ಟ್ರೆಬಲ್, ನಡುವಿನವು ಎರಡು ಟೆನರ್, ದೊಡ್ಡವು ಎರಡು ಬೇಸ್. ಊಟ ಮುಗಿದ ಮೇಲೆ ಪೆಟ್ಟಿಗೆ ತೆಗೆದು ಮನೆಯವರು, ನೆಂಟರು, ಸಂಗೀತದ ಮೇಷ್ಟ್ರು ಸೇರಿ ನುಡಿಸುತ್ತಿದ್ದರು. ಥಾಮಸ್ ಮೇಸ್ ಎಂಬಾತ 1676ರ ತನ್ನ ಪುಸ್ತಕದಲ್ಲಿ ಈ ಪೆಟ್ಟಿಗೆಯ ಬಗ್ಗೆ ತುಂಬ ಪ್ರೀತಿಯಿಂದ ಬರೆದಿದ್ದಾನೆ. ಆತ ಇದೇ ಕೇಂಬ್ರಿಜ್‌ನವನು, ಟ್ರಿನಿಟಿ ಕಾಲೇಜಿನ ಚರ್ಚಿನಲ್ಲಿ ಹಾಡುತ್ತಿದ್ದವನು. ವಯಸ್ಸಾಗುತ್ತಾ ಕಿವಿ ಮಂದವಾಯಿತು. ಲೂಟ್ ಎಂದರೆ ಬೆರಳಿನಿಂದ ಮೀಟುವ ತಂತಿವಾದ್ಯ. ಅಂಥ ಎರಡನ್ನು ಒಂದರಲ್ಲೇ ಸೇರಿಸಿ ಐವತ್ತು ತಂತಿಯ ಒಂದು ಜೋಡಿ ಲೂಟ್ ಮಾಡಿಕೊಂಡ, ತನಗೆ ಕೇಳಿಸಲಿ ಅಂತ. ಹೊಸದಾಗಿ ಬಂದ ಪಿಟೀಲುಗಳ ಗದ್ದಲ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಮೇಸ್ ಒಂದು ಸಂಗೀತದ ಕೋಣೆಯ ನಕ್ಷೆಯನ್ನೂ ಕೊಟ್ಟಿದ್ದಾನೆ. ಅದು ನನಗೆ ಬಹಳ ಇಷ್ಟ. ನಡುವೆ ನುಡಿಸುವವರ ಚೌಕದ ಕೋಣೆ. ಕೇಳುವವರು ಅದರ ಒಳಗಿಲ್ಲ! ಅವರು ಸುತ್ತಲಿನ ಪಡಸಾಲೆಗಳಲ್ಲಿ. ಅಲ್ಲಿಂದ ಕೇಳಿಸಿಕೊಳ್ಳಬೇಕು. ನುಡಿಸುವವರಿಗೆ ತೊಂದರೆ ಆಗಬಾರದು. ಇದನ್ನು ಓದಿದಾಗ ಮೊದಲು ಕಸಿವಿಸಿ ಆಯಿತು. ಆಮೇಲೆ ಅರ್ಥವಾಯಿತು. ಈ ಸಂಗೀತ ನಮ್ಮ ಕಡೆಗೆ ತಿರುಗಿ ಹಾಡುವುದಲ್ಲ. ನುಡಿಸುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ನಾವು ಹತ್ತಿರ ಕೂತು ಕೇಳಿಸಿಕೊಳ್ಳುವವರು. ಮನೆಯ ಹಿರಿಯರು ಜಗಲಿಯಲ್ಲಿ ಮಾತಾಡುತ್ತಿರುವಾಗ ಮಕ್ಕಳು ಒಳಬಾಗಿಲಿಗೆ ಒರಗಿ ಕೇಳುತ್ತಾರಲ್ಲ, ಹಾಗೆ.

ಮೊದಲು ನುಡಿಸಿದ್ದು ಜಾನ್ ಟ್ಯಾವರ್ನರ್‌ನ 'ಇನ್ ನೋಮಿನೆ'. ಇದರ ಕಥೆ ಚೆನ್ನಾಗಿದೆ. ಟ್ಯಾವರ್ನರ್ 16ನೇ ಶತಮಾನದಲ್ಲಿ ಚರ್ಚಿಗಾಗಿ ಒಂದು ದೊಡ್ಡ ಪೂಜಾ ಸಂಗೀತ ರಚಿಸಿದ. ಅದರಲ್ಲಿ ಒಂದು ಪುಟ್ಟ ಭಾಗ, 'ಭಗವಂತನ ಹೆಸರಿನಲ್ಲಿ' ಎಂಬ ಲ್ಯಾಟಿನ್ ಮಾತು ಬರುವ ಜಾಗ. ಅಲ್ಲಿ ಒಂದು ದನಿ ಹಳೆಯ ಸ್ತೋತ್ರದ ಸ್ವರಗಳನ್ನು ಉದ್ದುದ್ದ ಹಿಡಿದು ನಿಧಾನಕ್ಕೆ ಹೋಗುತ್ತದೆ. ಉಳಿದ ದನಿಗಳು ಅದರ ಸುತ್ತ ಬಳ್ಳಿಯ ಹಾಗೆ ಹಬ್ಬುತ್ತವೆ. ಅದಷ್ಟನ್ನೇ ಬಿಡಿಸಿ ಜನ ಮನೆಯಲ್ಲಿ ವಯಲ್ ಮೇಲೆ ನುಡಿಸತೊಡಗಿದರು. ಆಮೇಲೆ ಬಂದ ರಚನಕಾರರು ಅದೇ ಸ್ತೋತ್ರವನ್ನು ಇಟ್ಟುಕೊಂಡು ತಮ್ಮದೂ ಒಂದು ಇರಲಿ ಅಂತ ಬರೆಯುತ್ತಾ ಹೋದರು. ಹೀಗೆ ಸುಮಾರು ಒಂದೂವರೆ ಶತಮಾನ! ನೂರೈವತ್ತಕ್ಕೂ ಹೆಚ್ಚು 'ಇನ್ ನೋಮಿನೆ'ಗಳು ಉಳಿದಿವೆ. ಒಂದೇ ಪಲ್ಲವಿಯನ್ನು ತಲೆಮಾರುಗಟ್ಟಲೆ ವಿದ್ವಾಂಸರು ವಿಸ್ತರಿಸಿದ ಹಾಗೆ.

ನನಗೆ ಈ ಬಗೆಯ ಸಂಗೀತ ಕೇಳಲು ಬರುತ್ತಿರಲಿಲ್ಲ. ನಿಜ ಹೇಳುತ್ತೇನೆ. ಒಬ್ಬರು ಹಾಡಬೇಕು, ಪಕ್ಕವಾದ್ಯ ಹಿಂಬಾಲಿಸಬೇಕು, ಮೃದಂಗ ಲಯ ಕಟ್ಟಬೇಕು. ನನ್ನ ಕಿವಿ ಹಾಗೆ ಬೆಳೆದದ್ದು. ಇಲ್ಲಿ ಐದು ಜನವೂ ಮುಖ್ಯ, ಯಾರೂ ಪಕ್ಕವಾದ್ಯ ಅಲ್ಲ. ಹಿಂದಿನ ಸಲ ಬಂದಾಗ ಐದು ಎಳೆಯನ್ನೂ ಒಟ್ಟಿಗೆ ಹಿಡಿಯಲು ಹೋಗಿ ತಲೆ ಬಿಸಿಯಾಗಿತ್ತು. ಆಗ ಟೀಚರಮ್ಮ ಹೇಳಿದ್ದರು: "ಒಬ್ಬರ ಕಮಾನು ಮಾತ್ರ ನೋಡು. ಕಿವಿ ತಾನಾಗಿ ಅಲ್ಲಿಗೆ ಹೋಗುತ್ತದೆ. ಸಾಕಾದಾಗ ಪಕ್ಕದವರ ಕಮಾನಿಗೆ ಹೋಗು."

ಈ ಸಲ ಹಾಗೇ ಮಾಡಿದೆ. ವಿಲಿಯಂ ಬರ್ಡ್‌ನ 'ಬ್ರೌನಿಂಗ್' ನುಡಿಸುವಾಗ ಟೆನರ್ ಹುಡುಗನ ಕಮಾನನ್ನೇ ನೋಡುತ್ತಾ ಕೂತೆ. ಎಲೆ ಹಸಿರು, ಕಾಯಿ ಕಂದು ಎನ್ನುವ ಪುಟ್ಟ ಜನಪದ ಧಾಟಿ ಅದು. ಬರ್ಡ್ ಅದನ್ನು ಐದು ವಾದ್ಯಗಳ ನಡುವೆ ಇಪ್ಪತ್ತು ಸಲ ಸುತ್ತಿಸುತ್ತಾನೆ. ಮೊದಲು ಧಾಟಿ ಎಲ್ಲಿದೆ ಅಂತ ಹುಡುಕಬೇಕಿತ್ತು. ಆಮೇಲೆ ಅದು ಟೆನರ್‌ಗೆ ಬಂದಾಗ ಹುಡುಗನ ಮುಖ ನೋಡಿಯೇ ಗೊತ್ತಾಯಿತು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಎದುರಿಗಿದ್ದ ಟ್ರೆಬಲ್ ಆಕೆಯ ಕಡೆ ನೋಡಿ, ತಗೋ ಅನ್ನುವಂತೆ ಕೊಟ್ಟುಬಿಟ್ಟ. ನಾಲ್ಕು ಅಡಿ ಅಗಲದ ಜಾಗದಲ್ಲಿ ಒಂದು ಧಾಟಿ ಕೈಯಿಂದ ಕೈಗೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು.

ಆಮೇಲೆ ಅವರೆಲ್ಲ ಎದ್ದು ಊಟದ ಮೇಜಿನ ಸುತ್ತ ಕೂತರು. ಮೇಜಿನ ಮೇಲೆ ಒಂದೇ ಒಂದು ದೊಡ್ಡ ಪುಸ್ತಕ. ಜಾನ್ ಡೌಲ್ಯಾಂಡ್ 1604ರಲ್ಲಿ ಲಂಡನ್‌ನಲ್ಲಿ ಅಚ್ಚು ಹಾಕಿಸಿದ 'ಲ್ಯಾಕ್ರಿಮೆ'ಯ ಯಥಾಪ್ರತಿ. ಲ್ಯಾಕ್ರಿಮೆ ಎಂದರೆ ಕಣ್ಣೀರು. ಆ ಪುಸ್ತಕವನ್ನು ಬಿಡಿಸಿದರೆ ಒಂದು ಸಾಲು ನಿಮ್ಮ ಕಡೆಗೆ, ಇನ್ನೊಂದು ಎಡಕ್ಕೆ, ಮತ್ತೊಂದು ತಲೆಕೆಳಗಾಗಿ ಅಚ್ಚಾಗಿರುತ್ತದೆ. ಮೇಜಿನ ಸುತ್ತ ಕೂತವರಿಗೆ ಅವರವರ ಸಾಲು ಅವರವರ ಕಡೆಗೆ. ಊಟಕ್ಕೆ ಕೂತ ಹಾಗೆ ಸುತ್ತ ಕೂತು ಒಂದೇ ಪುಸ್ತಕದಿಂದ ಎಲ್ಲರೂ ನುಡಿಸಬೇಕು. ಪುಸ್ತಕದ ಆಕಾರವೇ ಹೇಳುತ್ತದೆ ಇದು ಯಾರಿಗಾಗಿ ಅಂತ. ಕೇಳುವವರಿಗೆ ಅದರಲ್ಲಿ ಜಾಗವೇ ಇಲ್ಲ! ನಮಗೆ ಇಬ್ಬರ ಬೆನ್ನು, ಒಬ್ಬರ ಪಕ್ಕ, ಇಬ್ಬರ ಮುಖ ಕಾಣಿಸುತ್ತಿತ್ತು.

ಮೂಲದಲ್ಲಿ ಇದಕ್ಕೆ ಲೂಟ್ ಕೂಡ ಬೇಕು. ಅವತ್ತು ಲೂಟ್ ಇರಲಿಲ್ಲ, ಐದು ವಯಲ್ ಮಾತ್ರ. ಏಳು ತುಣುಕುಗಳಲ್ಲಿ ಮೊದಲ ಎರಡನ್ನು ನುಡಿಸಿದರು. ಏಳೂ ಒಂದೇ ರೀತಿ ಶುರುವಾಗುತ್ತವೆ, ನಾಲ್ಕು ಸ್ವರ ಇಳಿಯುತ್ತವೆ. ನಮ್ಮ ಲೆಕ್ಕದಲ್ಲಿ ಸ ನಿ ದ ಪ, ನಠಭೈರವಿಯ ಅವರೋಹಣದ ಮೊದಲ ನಾಲ್ಕು ಹೆಜ್ಜೆ. ಕಣ್ಣೀರು ಕೆನ್ನೆಯ ಮೇಲೆ ಇಳಿಯುವುದು ಅಂತ ಹೇಳುತ್ತಾರೆ. ಬೇಸ್ ನುಡಿಸುತ್ತಿದ್ದ ಟೀಚರಮ್ಮ ನನಗೆ ಬೆನ್ನು ಹಾಕಿ ಕೂತಿದ್ದರು. ಅವರ ಸ್ವೆಟರ್‌ನ ಬೆನ್ನು ಉಸಿರಿನ ಜೊತೆ ಹಿಗ್ಗುತ್ತಾ ಕುಗ್ಗುತ್ತಾ ಇತ್ತು. ಎಲ್ಲರ ಉಸಿರೂ ಒಂದೇ ಕಡೆ ನಿಲ್ಲುತ್ತಿತ್ತು, ಒಂದೇ ಕಡೆ ಹೊರಡುತ್ತಿತ್ತು. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ವಯಸ್ಸಾದವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೀದಿಯಲ್ಲಿ ಒಂದು ಸೈಕಲ್ ಹೋದ ಸದ್ದು ಕೇಳಿಸಿತು. ಆಮೇಲೆ ಯಾರೋ ಮೆಲ್ಲಗೆ ಶುರು ಮಾಡಿದರು.

ಅಷ್ಟು ಭಾರವಾದದ್ದರ ಮೇಲೆ ಆರ್ಲಾಂಡೊ ಗಿಬನ್ಸ್‌ನ 'ಲಂಡನ್ನಿನ ಕೂಗುಗಳು' ಇಟ್ಟದ್ದು ಒಳ್ಳೆಯದಾಯಿತು. ಇದು ಐದು ದನಿ, ಐದು ವಯಲ್‌ಗೆ. ಬಂದವರಲ್ಲೇ ಹಾಡುವವರು ಐದು ಜನ ಎದ್ದು ಹಿಂದೆ ನಿಂತರು. 17ನೇ ಶತಮಾನದ ಶುರುವಿನ ಲಂಡನ್ ಬೀದಿ. ಬೆಳಗಿನ ಜಾವ ಮೂರು ಗಂಟೆಯ ಕಾವಲುಗಾರನ ಕೂಗಿನಿಂದ ಶುರು. ಆಮೇಲೆ ಮೀನು, ಸಿಂಪಿ, ಹಣ್ಣು ಮಾರುವವರ ಕೂಗು ಒಂದರ ಮೇಲೊಂದು. ಕೊನೆಗೆ ರಾತ್ರಿಯ ಕಾವಲುಗಾರ ಬಂದು ಬೆಂಕಿ ದೀಪ ನೋಡಿಕೊಳ್ಳಿ ಅಂತ ಎಚ್ಚರಿಸುತ್ತಾನೆ. ಇಷ್ಟು ಗಲಾಟೆಯ ಒಳಗೊಳಗೇ, ಗಮನಿಸಿದರೆ, ಅದೇ 'ಇನ್ ನೋಮಿನೆ' ಸ್ತೋತ್ರ ಉದ್ದುದ್ದ ಸ್ವರದಲ್ಲಿ ಸಾಗುತ್ತಾ ಇರುತ್ತದೆ. ಸಂತೆಯ ನಡುವೆ ದೇವರ ಪಲ್ಲಕ್ಕಿ ಹೋದ ಹಾಗೆ. ನನಗೆ ನಮ್ಮ ಬೀದಿಯ ಹೂವಮ್ಮ ನೆನಪಾದಳು. 'ಮಲ್ಲಿಗೇ...' ಎಂದು ಎರಡನೇ ಅಕ್ಷರವನ್ನು ಎಳೆದು, ಕೊನೆಯಲ್ಲಿ ಥಟ್ಟನೆ ಮೇಲಕ್ಕೆ ಹಾರಿಸುತ್ತಿದ್ದಳು. ಅತ್ತೆ ಒಳಗಿನಿಂದಲೇ ಅವಳ ಶ್ರುತಿ ಹೇಳುತ್ತಿದ್ದರು. ಆ ಕೂಗನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲವಲ್ಲ ಅಂತ ಹೊಟ್ಟೆ ಚುರ್ ಎಂದಿತು.

ಇಷ್ಟು ಒಳ್ಳೆಯ ಸಂಗೀತ ಮರೆಯಾದದ್ದು ಯಾಕೆ? ಅದು ಜಗಳದ ಕಾಲದಲ್ಲಿ ಸಾಯಲಿಲ್ಲ ಎನ್ನುವುದು ಆಶ್ಚರ್ಯ. 1640ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆಯಿತು. ನಾಟಕಶಾಲೆಗಳು ಮುಚ್ಚಿದವು, ಚರ್ಚುಗಳಲ್ಲಿ ಆರ್ಗನ್ ನಿಂತಿತು. ಹೊರಗೆ ಹೋಗಿ ತಲೆ ಒಡೆಸಿಕೊಳ್ಳುವುದಕ್ಕಿಂತ ಮನೆಯಲ್ಲಿ ಕೂತು ನುಡಿಸುವುದೇ ಮೇಲು ಅಂತ ಎಷ್ಟೋ ಜನ ತೀರ್ಮಾನಿಸಿದರು ಎಂದು ರೋಜರ್ ನಾರ್ತ್ ಎಂಬ ಸಂಗೀತದ ಬರಹಗಾರ ಆಮೇಲೆ ಬರೆದಿದ್ದಾನೆ. ಅವನ ಗುರು ಜಾನ್ ಜೆಂಕಿನ್ಸ್ ಆ ವರ್ಷಗಳನ್ನು ಹಳ್ಳಿಗಾಡಿನ ದೊಡ್ಡ ಮನೆಗಳಲ್ಲಿ ವಯಲ್ ಸಂಗೀತ ಬರೆಯುತ್ತಾ ಕಳೆದ. ಅವನ ಜೊತೆಗಾರ ವಿಲಿಯಂ ಲಾಸ್ ರಾಜನ ಕಡೆ ಯುದ್ಧಕ್ಕೆ ಹೋಗಿ 1645ರಲ್ಲಿ ಚೆಸ್ಟರ್ ಹತ್ತಿರ ಸತ್ತ. ಯುದ್ಧ ತಡೆದುಕೊಂಡ ಸಂಗೀತಕ್ಕೆ ಶಾಂತಿ ಬಂದ ಮೇಲೆ ಕಷ್ಟ ಬಂತು. ರಾಜರ ಆಳ್ವಿಕೆ ಮತ್ತೆ ಬಂದಾಗ ಪಟ್ಟಕ್ಕೇರಿದ ಎರಡನೇ ಚಾರ್ಲ್ಸ್‌ಗೆ ಕಾಲಲ್ಲಿ ತಾಳ ಹಾಕುವಂಥ ಸಂಗೀತವೇ ಬೇಕಿತ್ತು. ಪಿಟೀಲು ಮುಂದೆ ಬಂತು. 1672ರ ಕೊನೆಯಲ್ಲಿ ಜಾನ್ ಬ್ಯಾನಿಸ್ಟರ್ ಎಂಬ ಪಿಟೀಲು ವಾದಕ ಲಂಡನ್‌ನಲ್ಲಿ ದುಡ್ಡು ಕೊಟ್ಟು ಕೇಳುವ ಕಚೇರಿಗಳನ್ನು ಶುರು ಮಾಡಿದ. ತಲೆಗೆ ಒಂದು ಶಿಲಿಂಗ್. ಅಲ್ಲಿಂದ ನಿಧಾನವಾಗಿ ಕೋಣೆ ದೊಡ್ಡದಾಯಿತು, ಕುರ್ಚಿ ಜಾಸ್ತಿಯಾಯಿತು. ಮೆಲುದನಿಯ ವಾದ್ಯ ಹಿಂದೆ ಬಿತ್ತು. ವಯಲ್‌ನ ಕೊನೆಯ ದೊಡ್ಡ ವಾದಕ ಕಾರ್ಲ್ ಫ್ರೆಡ್ರಿಕ್ ಆಬೆಲ್ 1787ರಲ್ಲಿ ಲಂಡನ್‌ನಲ್ಲಿ ತೀರಿಕೊಂಡ. ಆಮೇಲೆ ನೂರು ವರ್ಷ ಹೆಚ್ಚುಕಡಿಮೆ ಮೌನ.

ನಡುವೆ ಒಬ್ಬನ ಹೆಸರು ಹೇಳದೆ ಮುಂದೆ ಹೋಗಲಾರೆ. ಥಾಮಸ್ ಬ್ರಿಟನ್. ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಇದ್ದಿಲು ಮಾರುತ್ತಿದ್ದವನು. ಹಗಲು ಚೀಲ ಹೊತ್ತು ಬೀದಿ ಬೀದಿ ತಿರುಗುತ್ತಿದ್ದ. 1678ರಿಂದ ತಾನು ಸಾಯುವ ತನಕ, ಎಂದರೆ 1714ರ ತನಕ, ತನ್ನ ಇದ್ದಿಲಿನ ಅಂಗಡಿಯ ಮೇಲಿನ ಅಟ್ಟದಲ್ಲಿ ವಾರವಾರ ಕಚೇರಿ ಇಡುತ್ತಿದ್ದ. ಹೊರಗಿನಿಂದ ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಶ್ರೀಮಂತರೂ ಹತ್ತಿದರು. ದೊಡ್ಡ ರಚನಕಾರ ಹ್ಯಾಂಡೆಲ್ ಕೂಡ ಅಲ್ಲಿ ನುಡಿಸಿದ್ದ ಎನ್ನುತ್ತಾರೆ. ಬ್ರಿಟನ್ ತಾನೇ ವಯಲ್ ನುಡಿಸುತ್ತಿದ್ದ. ಇದ್ದಿಲ ಮಸಿ ತೊಳೆದ ಕೈಯಲ್ಲಿ, ಅಂಗೈ ಮೇಲೆ ಮಾಡಿ ಕಮಾನು ಹಿಡಿದ ಆ ಮನುಷ್ಯನನ್ನು ನಾನು ಆಗಾಗ ನೆನೆಯುತ್ತೇನೆ.

1890ರ ಸುಮಾರಿಗೆ ಆರ್ನಲ್ಡ್ ಡಾಲ್ಮೆಚ್ ಎಂಬಾತ ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯದಲ್ಲಿ ಈ ಹಸ್ತಪ್ರತಿಗಳನ್ನು ಕಂಡ. ಮೂಲೆ ಸೇರಿದ್ದ ವಯಲ್‌ಗಳನ್ನು ಹುಡುಕಿ ರಿಪೇರಿ ಮಾಡಿದ. ಮನೆಯವರಿಗೇ ನುಡಿಸಲು ಕಲಿಸಿದ. ಮತ್ತೆ ಶುರುವಾದದ್ದು ಎಲ್ಲಿ ಅಂತೀರಿ? ಅವನ ಮನೆಯಲ್ಲೇ. ಲಂಡನ್ನಿನ ಡಲಿಚ್‌ನಲ್ಲಿದ್ದ ಆ ಮನೆಗೆ 'ಡೌಲ್ಯಾಂಡ್' ಅಂತ ಹೆಸರಿಟ್ಟಿದ್ದ.

ಇದನ್ನೆಲ್ಲ ಯೋಚಿಸುವಾಗ ನಮ್ಮ ಚೌಡಯ್ಯನವರು ಕಣ್ಣ ಮುಂದೆ ಬರುತ್ತಾರೆ. ಮೈಕಿನ ಅನುಕೂಲ ಅಷ್ಟಾಗಿ ಇಲ್ಲದ ಕಾಲ. ಕಚೇರಿಗೆ ಜನವೋ ಜನ. ನಾಲ್ಕು ತಂತಿಯ ಪಿಟೀಲಿನ ದನಿ ಹಿಂದಿನವರಿಗೆ ಮುಟ್ಟುತ್ತಿಲ್ಲ ಎಂದು ಅವರು ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಕೊನೆಯ ಸಾಲಿನಲ್ಲಿ ನಿಂತವನ ಮೇಲಿನ ಅಕ್ಕರೆ ಅದು. ಫ್ರಾನ್ಸಿನಲ್ಲಿ 17ನೇ ಶತಮಾನದಲ್ಲಿ ಸ್ಯಾಂತ್ ಕೊಲೊಂಬ್ ಎಂಬ ವಾದಕನೂ ಬೇಸ್ ವಯಲ್‌ಗೆ ಏಳನೇ ತಂತಿ ಹಾಕಿದ ಎನ್ನುತ್ತಾರೆ. ಅದು ದೂರದವರಿಗೆ ಕೇಳಿಸಲಿ ಅಂತ ಅಲ್ಲ. ಇನ್ನೂ ಆಳಕ್ಕೆ ಇಳಿಯಲು. ಎರಡು ಏಳನೇ ತಂತಿಗಳು, ಒಂದು ಹೊರಕ್ಕೆ, ಒಂದು ಒಳಕ್ಕೆ. ನನಗೆ ಎರಡೂ ಬೇಕು. ಚೌಡಯ್ಯನವರ ಪಿಟೀಲಿನ ದನಿ ಕೇಳಿ ಬೆಳೆದವರು ನಮ್ಮ ಮನೆಯಲ್ಲಿದ್ದರು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಕಟ್ಟಿಸಿದ ರಾಮಮಂದಿರದಲ್ಲಿ ಅತ್ತೆ ಎಷ್ಟೋ ಕಚೇರಿ ಕೇಳಿದ್ದಾರೆ. ಆದರೆ ಅತ್ತೆ ತಾವು ಹಾಡುತ್ತಿದ್ದದ್ದು ಮಾತ್ರ ನಡುಮನೆಯಲ್ಲೇ. ಶುಕ್ರವಾರ ಸಂಜೆ, ನಾಲ್ಕು ಜನ ಹೆಂಗಸರು, ನೆಲದ ಮೇಲೆ ಜಮಖಾನ. ಕೇಳಲು ಬಂದವರಿಗೆ ಅಡುಗೆಮನೆಯ ಹೊಸಲು. ಸಭೆಯಲ್ಲಿ ಹಾಡಿ ಅಂತ ಕೇಳಿದರೆ, "ಇದು ಅಲ್ಲಿಗಲ್ಲ" ಎನ್ನುತ್ತಿದ್ದರು. ಅವರು ಅಂಜಿಕೆಯಿಂದ ಹಾಗನ್ನುತ್ತಾರೆ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಆ ಸಂಜೆ ಟೀಚರಮ್ಮನ ಮನೆಯಲ್ಲಿ ಕೂತಾಗ ಮೊದಲ ಬಾರಿಗೆ ಬೇರೆ ಥರ ಅರ್ಥವಾಯಿತು. ಅತ್ತೆಗೆ ತಮ್ಮ ಸಂಗೀತದ ಅಳತೆ ಗೊತ್ತಿತ್ತು. ಅದು ಆ ನಡುಮನೆಯ ಅಳತೆ.

ಕಚೇರಿ ಮುಗಿದ ಮೇಲೆ ಟೀ, ನಿಂಬೆಹಣ್ಣಿನ ಕೇಕ್. ನಾನು ಕೋಡುಬಳೆ ಮಾಡಿಕೊಂಡು ಹೋಗಿದ್ದೆ. ನುಡಿಸುವವರು ಅದನ್ನು ಮೊದಲೇ ನೋಡಿ ಆಸೆಪಟ್ಟಿದ್ದರು, ಆದರೆ ಎಣ್ಣೆಯ ಕೈಯಲ್ಲಿ ಕಮಾನು ಮುಟ್ಟುವ ಹಾಗಿಲ್ಲ. ಈಗ ಡಬ್ಬ ಖಾಲಿಯಾಯಿತು. ಜನ ಒಬ್ಬೊಬ್ಬರಾಗಿ ಹೊರಟರು. ನಾನು ಕಪ್ಪು ತೊಳೆಯಲು ನಿಂತೆ. ಆಗ ಟೀಚರಮ್ಮ ಒಳಗೆ ಬಂದು, "ಕೈ ಒರೆಸಿಕೊಂಡು ಬಾ. ಚೆನ್ನಾಗಿ ಸೋಪು ಹಾಕಿ ತೊಳೆದುಕೋ. ನಮಗೊಂದು ಸ್ವರ ಬೇಕು" ಅಂದರು.

ಹೆನ್ರಿ ಪರ್ಸೆಲ್ ಎಂಬ ಇಂಗ್ಲಿಷ್ ರಚನಕಾರ 1680ರಲ್ಲಿ ವಯಲ್‌ಗಾಗಿ ಒಂದು ಗುಚ್ಛ ಫ್ಯಾಂಟಸಿಗಳನ್ನು, ಎಂದರೆ ಕಲ್ಪನೆ ಹರಿದ ಹಾಗೆ ಸಾಗುವ ರಚನೆಗಳನ್ನು, ಬರೆದ. ಆಗ ಅವನಿಗೆ ಇಪ್ಪತ್ತು ದಾಟಿತ್ತಷ್ಟೆ. ಆ ಹೊತ್ತಿಗೆ ಇಂಥದ್ದು ಹಳೆಯದಾಗಿ, ಕೇಳುವವರಿಲ್ಲದೆ ಹೋಗಿತ್ತು. ಆದರೂ ಆ ಬೇಸಿಗೆಯಲ್ಲಿ ಒಂದಾದ ಮೇಲೊಂದು ಬರೆದ. ಅವನ ಕಾಲದಲ್ಲಿ ಅವು ಅಚ್ಚಾಗಲಿಲ್ಲ, 20ನೇ ಶತಮಾನದ ತನಕ ಕಾಯಬೇಕಾಯಿತು. ಆ ಗುಂಪಿನಲ್ಲಿ ಐದು ವಯಲ್‌ನ ಒಂದು ರಚನೆ ಇದೆ, 'ಒಂದೇ ಸ್ವರದ ಮೇಲೆ ಫ್ಯಾಂಟಸಿ'. ನಾಲ್ವರು ಎಲ್ಲೆಲ್ಲೋ ಓಡಾಡುತ್ತಾರೆ. ಐದನೆಯವರು ಮೊದಲಿನಿಂದ ಕೊನೆಯ ತನಕ ಒಂದೇ ಸ್ವರ ಹಿಡಿದು ಕೂರುತ್ತಾರೆ. ಹಾರ್ಮೋನಿಯಂನ ಲೆಕ್ಕದಲ್ಲಿ ಸಿ.

ಟೆನರ್ ಹುಡುಗ ತನ್ನ ವಾದ್ಯವನ್ನು ನನ್ನ ಮೊಣಕಾಲುಗಳ ನಡುವೆ ನಿಲ್ಲಿಸಿದ. ಇಷ್ಟು ಹಗುರ ಅಂತ ಗೊತ್ತಿರಲಿಲ್ಲ. ನನ್ನ ಬೆರಳನ್ನು ಮೂರನೇ ಮೆಟ್ಟಿಲ ಹಿಂದೆ ಇಟ್ಟ. ಅಂಗೈ ತಿರುಗಿಸಿ ಕಮಾನು ಕೊಟ್ಟ. ಎದುರಿನ ಹಾಳೆಯಲ್ಲಿ ಒಂದೇ ಜಾಗದಲ್ಲಿ ಒಂದೇ ಗುರುತು, ಸಾಲು ಸಾಲಾಗಿ. "ತಳ್ಳು, ಎಳೆ, ತಳ್ಳು, ಎಳೆ. ನಿಲ್ಲಿಸಬೇಡ, ಅಷ್ಟೇ" ಅಂದ.

ಮೊದಲ ಎರಡು ಕಮಾನು ನಡುಗಿತು. ಆಮೇಲೆ ತಂತಿ ಹಿಡಿಯಿತು. ವಾದ್ಯದ ಬೆನ್ನು ತೊಡೆಗೆ ತಾಗಿ ಗುಂಯ್ ಎನ್ನುತ್ತಿತ್ತು. ತಂಬೂರಿ ಮೀಟುವಾಗ ಕಿವಿಯ ಹತ್ತಿರ ಆ ಮರ ನಡುಗುತ್ತಿತ್ತಲ್ಲ, ಅದೇ. ಸುತ್ತ ನಾಲ್ವರು ಒಬ್ಬೊಬ್ಬರಾಗಿ ಸೇರಿಕೊಂಡರು. ಶುರುವಿನಲ್ಲೇ ನನಗೆ ಒಂದು ವಿಷಯ ಹೊಳೆಯಿತು. ನಾನು ಹಿಡಿದಿದ್ದು ಷಡ್ಜ ಅಲ್ಲ. ಪಂಚಮ. ಮನೆ ಕೆಳಗೆ ಎಲ್ಲೋ ಇದೆ, ನಾನು ಅದರ ಮೇಲಿನ ಪ. ಸರಿ ಅಂದುಕೊಂಡೆ. ಆದರೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಸುತ್ತಲಿನವರು ಜಾಗ ಬದಲಿಸಿದರು. ಅದೇ ಸ್ವರ ಈಗ ಸ ಆಗಿತ್ತು. ಇನ್ನೊಂದು ತಿರುವಿನಲ್ಲಿ ಗಾಂಧಾರ. ನನ್ನ ಬೆರಳು ಅಲುಗಿಲ್ಲ, ಕಮಾನು ಬದಲಾಗಿಲ್ಲ. ನಮ್ಮಲ್ಲಿ ಗ್ರಹಭೇದ ಮಾಡುವಾಗ ವಿದ್ವಾಂಸರು ಷಡ್ಜವನ್ನು ಇನ್ನೊಂದು ಸ್ವರಕ್ಕೆ ಸರಿಸಿ ಬೇರೆ ರಾಗ ತೋರಿಸುತ್ತಾರೆ. ಆಗಲೂ ತಂಬೂರಿ ತನ್ನ ಸ ಬಿಡುವುದಿಲ್ಲ. ಇಲ್ಲಿ ತಂಬೂರಿಗೇ ಹೊಸ ಹೊಸ ಹೆಸರು ಇಡುತ್ತಿದ್ದರು.

ನಡುವೆ ಒಂದು ನಿಧಾನದ ಭಾಗ ಬಂತು. ಸಂಜೆ ದೀಪ ಹಚ್ಚುವ ಮೊದಲಿನ ಹೊತ್ತಿನ ಹಾಗೆ. ಒಂದು ಕಡೆ ಟ್ರೆಬಲ್ ಆಕೆ ನನ್ನ ಸ್ವರದ ತೀರಾ ಪಕ್ಕಕ್ಕೆ ಬಂದು ಒತ್ತಿದರು. ಎರಡೂ ಸ್ವರ ಉಜ್ಜಿಕೊಂಡವು. ಬಿಟ್ಟು ಓಡಬೇಕು ಅನ್ನಿಸಿತು. ಟೀಚರಮ್ಮ ನನ್ನ ಕಡೆ ನೋಡಿದರು. ಹಿಡಿದೆ. ಆಕೆ ಒಂದು ಹೆಜ್ಜೆ ಕೆಳಗಿಳಿದರು, ಇಡೀ ಕೋಣೆ ಉಸಿರು ಬಿಟ್ಟ ಹಾಗಾಯಿತು. ಆಮೇಲೆ ಎಲ್ಲರೂ ಓಡತೊಡಗಿದರು, ಹದಿಹರೆಯದ ಮಕ್ಕಳ ಹಾಗೆ. ನಾನು ತಳ್ಳು, ಎಳೆ, ತಳ್ಳು, ಎಳೆ. ಮುಗಿಯಿತು. ಎಲ್ಲ ಸೇರಿ ಮೂರು ನಿಮಿಷ ಇರಬಹುದು. ಎಡಗೈ ಬೆರಳ ತುದಿಯಲ್ಲಿ ತಂತಿಯ ಗೆರೆ ಕೆಂಪಗೆ ಎದ್ದಿತ್ತು.

ಮಾರನೇ ದಿನ ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರಿಗೀಗ ಎಂಬತ್ತೆರಡು. ಕರುಳಿನ ತಂತಿ, ಮೇಜಿನ ಮೇಲಿನ ಪುಸ್ತಕ, ಇದ್ದಿಲು ಮಾರುವವನು, ಎಲ್ಲದಕ್ಕೂ "ಹೂಂ, ಹೂಂ" ಅಂದರು. ಒಂದೇ ಸ್ವರದ ವಿಷಯ ಬಂದಾಗ ತಡೆದರು.

"ಇರು, ಇರು. ನೀನು ಹಿಡಿದಿದ್ದು ಪ ಅಂದೆಯಲ್ಲೇ. ಹಾಗಾದ್ರೆ ಸ ಯಾರ ಹತ್ತಿರ ಇತ್ತು?"

"ಟೀಚರಮ್ಮನ ಹತ್ತಿರ, ಅತ್ತೆ. ಕೆಳಗಿನ ದೊಡ್ಡ ವಾದ್ಯದಲ್ಲಿ. ಆದ್ರೆ ಅವರೂ ಜಾಸ್ತಿ ಹೊತ್ತು ಇಟ್ಕೊಳ್ಳಲಿಲ್ಲ. ಬೇರೆಯವರಿಗೆ ಕೊಟ್ಟುಬಿಡ್ತಿದ್ರು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, ಫೋನು ದೂರ ಹಿಡಿದುಕೊಂಡಂತೆ, ಒಂದು ಪಂಚಮ ಕೇಳಿಸಿತು. ಸಣ್ಣದಾಗಿ ನಡುಗುತ್ತಿತ್ತು, ಆದರೆ ಶ್ರುತಿಯಲ್ಲೇ ಇತ್ತು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೆಳಗಿನ ಸ ಸೇರಿಸಿದೆ.